ಡಿಸ್ಚಾರ್ಜ್ ಆದ ಮೇಲಿನ ಖರ್ಚು ಯಾರದು? ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಗೆ,
ಸನ್ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಹಾಗೂ
ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ವಿಕಲಚೇತನರಿಗೆ ಮನೆಯಲ್ಲಿ ಮತ್ತು ಹೊರರೋಗಿ ವಿಭಾಗದಲ್ಲಿ ಬೇಕಾಗುವ ಚಿಕಿತ್ಸೆಯ ಖರ್ಚನ್ನು ಸರ್ಕಾರ ಭರಿಸುವ ಕುರಿತು.

ಮಾನ್ಯರೇ,

ನಾನು ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಹಳ್ಳಿಯವಳು. ಹೊಲಿಗೆ ನನ್ನ ಕಸುಬು. ನನ್ನ ತಮ್ಮನಿಗೆ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಅವನ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಅವನನ್ನು ನೋಡಿಕೊಳ್ಳುತ್ತಾ ಗದಗ, ಹಾವೇರಿ, ಹುಬ್ಬಳ್ಳಿ ಕಡೆಯ ಎಷ್ಟೋ ಮನೆಗಳವರ ಪರಿಚಯ ನನಗಾಗಿದೆ. ಅವರೆಲ್ಲರ ಮಾತೂ ಇದರಲ್ಲಿ ಇದೆ.

ಮೊದಲು ಸರ್ಕಾರದಿಂದ ನಮಗೆ ಸಿಕ್ಕಿದ್ದನ್ನು ಹೇಳುತ್ತೇನೆ. ತಮ್ಮ ಹುಣಸೆಹಣ್ಣು ಬಡಿಯಲು ಮರ ಹತ್ತಿದ್ದ. ಟೊಂಗೆ ಮುರಿದು ಬಿದ್ದ. ಬೆನ್ನುಮೂಳೆ ಮುರಿದು ಒಳಗಿನ ನರ ಜಜ್ಜಿಹೋಯಿತು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಬೆನ್ನಿಗೆ ರಾಡ್ ಹಾಕಿದರು. ನಮ್ಮದು ಬಿಪಿಎಲ್ ಕಾರ್ಡ್, ಹಾಗಾಗಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಅಷ್ಟೂ ಖರ್ಚು ಹೋಯಿತು. ನಾವು ಆಸ್ಪತ್ರೆಗೆ ದುಡ್ಡು ಕಟ್ಟಲಿಲ್ಲ. ಹೊಲ ಮಾರುವ ಪ್ರಸಂಗ ಬರಲಿಲ್ಲ. ಅಪ್ಪನ ಕಾಲದಲ್ಲಿ ಇಂಥದ್ದು ಆಗಿದ್ದರೆ ಹೊಲ ಹೋಗುತ್ತಿತ್ತು, ಮಗನೂ ಉಳಿಯುತ್ತಿರಲಿಲ್ಲ. ಇದನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಆದರೆ ಆ ಆಯುಷ್ಮಾನ್ ಕಾರ್ಡಿನ ನಿಯಮ ನೋಡಿ. ಆಸ್ಪತ್ರೆಗೆ ದಾಖಲಾಗುವ ಮುಂಚಿನ 3 ದಿನ, ಒಳಗಿರುವಷ್ಟು ದಿನ, ಡಿಸ್ಚಾರ್ಜ್ ಆದ ಮೇಲೆ 15 ದಿನ. ಖರ್ಚು ಸಿಗುವುದು ಇಷ್ಟಕ್ಕೆ. ಬಿದ್ದು ಕೈ ಮುರಿದವನಿಗೆ, ಅಪೆಂಡಿಕ್ಸ್ ತೆಗೆಸಿಕೊಂಡವನಿಗೆ ಇದು ಸಾಕು. 15 ದಿನದಲ್ಲಿ ಅವನು ಎದ್ದು ಓಡಾಡುತ್ತಾನೆ. ನನ್ನ ತಮ್ಮನ ವಿಷಯದಲ್ಲಿ 16ನೇ ದಿನದಿಂದಲೇ ನಿಜವಾದ ಖರ್ಚು ಶುರುವಾಯಿತು. ಅದು ಅವನ ಜೀವ ಇರುವವರೆಗೂ ಇರುವ ಖರ್ಚು. ಸರ್ಕಾರದ ಲೆಕ್ಕದಲ್ಲಿ ಅವನ ಕೇಸ್ ಮುಗಿದಿದೆ.

ಖರ್ಚು ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಹೇಳಲು ಸಂಕೋಚದ ವಿಷಯ, ಆದರೂ ಹೇಳುತ್ತೇನೆ. ಯಾಕೆಂದರೆ ಈ ಸಂಕೋಚದಿಂದಲೇ ಇದು ಯಾರ ಕಿವಿಗೂ ಬೀಳುತ್ತಿಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಮೂತ್ರದ ಹಿಡಿತ ಹೋಗುತ್ತದೆ. ನಾಲ್ಕರಿಂದ ಆರು ತಾಸಿಗೊಮ್ಮೆ ಸಣ್ಣ ನಳಿಗೆ ಹಾಕಿ ಮೂತ್ರ ತೆಗೆಯಬೇಕು. ಕ್ಯಾಥೆಟರ್ ಅಂತಾರೆ, ನಮ್ಮ ಅವ್ವ ಪೈಪು ಅಂತಾಳೆ. ಒಮ್ಮೆ ಬಳಸಿ ಬಿಸಾಡಬೇಕು ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ನಮ್ಮ ಕಡೆ ಮೆಡಿಕಲ್‌ನಲ್ಲಿ ಒಂದಕ್ಕೆ 20 ರೂಪಾಯಿ ಆಸುಪಾಸು. ದಿನಕ್ಕೆ ನಾಲ್ಕು ಅಂದರೂ ತಿಂಗಳಿಗೆ 2,400 ರೂಪಾಯಿ. ಅವ್ವನಿಗೆ ಬರುವ ಗೃಹಲಕ್ಷ್ಮಿ 2,000 ರೂಪಾಯಿ ಅದಕ್ಕೇ ಸಾಲುವುದಿಲ್ಲ. ಇನ್ನು ಜೆಲ್, ಕೈಗವಸು, ಮೈ ಸೆಳೆತಕ್ಕೆ ಗುಳಿಗೆ, ಮಲಬದ್ಧತೆಗೆ ಔಷಧಿ, ಗಾಯಕ್ಕೆ ಹತ್ತಿ ಬಟ್ಟೆ ಎಲ್ಲ ಬೇರೆ.

ಹಾಗಾಗಿ ನಾವು ಏನು ಮಾಡುತ್ತೇವೆ? ಒಂದೇ ಪೈಪನ್ನು ಸೋಪು ಹಚ್ಚಿ ತೊಳೆದು, ಬಿಸಿಲಿಗೆ ಒಣಗಿಸಿ, ಡಬ್ಬಿಯಲ್ಲಿ ಮುಚ್ಚಿಟ್ಟು ಮತ್ತೆ ಮತ್ತೆ ಬಳಸುತ್ತೇವೆ. ನಾವಷ್ಟೇ ಅಲ್ಲ, ನನಗೆ ಗೊತ್ತಿರುವ ಇಂಥ ಮನೆಗಳಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಒಂದೊಂದು ಸಲ ಮೂತ್ರದ ಸೋಂಕು ಆಗುತ್ತದೆ. ಚಳಿ ಬಂದು ಜ್ವರ ಏರುತ್ತದೆ. ಆಂಟಿಬಯೋಟಿಕ್ ತಗೊಂಡರೆ ಇಳಿಯುತ್ತದೆ, ಮತ್ತೆ ಬರುತ್ತದೆ. ಹೀಗೇ ಹೋದರೆ ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿ ಕೆಡುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಕಿಡ್ನಿ ಕೆಟ್ಟು ಡಯಾಲಿಸಿಸ್‌ಗೆ ಬಂದರೆ ಆಗ ಸರ್ಕಾರ ದುಡ್ಡು ಕೊಡುತ್ತದೆ. 20 ರೂಪಾಯಿಯ ಪೈಪಿಗೆ ಮಾತ್ರ ಕೊಡುವುದಿಲ್ಲ.

ಎರಡನೆಯದು ಬೆಡ್ ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ತಾವು ದಯವಿಟ್ಟು ಓದಬೇಕು.

ಸ್ಪರ್ಶ ಇಲ್ಲದ ಮೈಯಲ್ಲಿ ಒಂದೇ ಕಡೆ ಭಾರ ಬಿದ್ದರೆ ಅಲ್ಲಿ ರಕ್ತ ಓಡುವುದಿಲ್ಲ. ಮಲಗಿದವರಿಗೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ ಪಾಳಿಯಲ್ಲಿ ನಾನೊಮ್ಮೆ, ಅವ್ವ ಒಮ್ಮೆ ಏಳುತ್ತೇವೆ. ಮಲಗಿಸುವ ಮುಂಚೆ ಮೊಬೈಲ್ ಬೆಳಕಿನಲ್ಲಿ ಅವನ ಹಿಮ್ಮಡಿ, ಕುಂಡೆಯ ಎಲುಬು, ಬೆನ್ನಿನ ತುದಿ ನೋಡುತ್ತೇನೆ. ಕೆಂಪಗೆ ಒಂದು ರೂಪಾಯಿ ನಾಣ್ಯದಷ್ಟು ಕಂಡರೆ ಎದೆ ಧಸಕ್ ಅನ್ನುತ್ತದೆ. ಬೆರಳಿನಿಂದ ಒತ್ತಿ ನೋಡಬೇಕು. ಒತ್ತಿದಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ಪರವಾಗಿಲ್ಲ. ಹಾಗೇ ಕೆಂಪಗಿದ್ದರೆ ಒಳಗೆ ಚರ್ಮ ಸಾಯಲು ಶುರುವಾಗಿದೆ ಅಂತ. ಇದನ್ನು ನನಗೆ ಹೇಳಿಕೊಟ್ಟಿದ್ದು ವಾರ್ಡಿನ ಒಬ್ಬ ನರ್ಸಮ್ಮ. ಆಕೆ ಹೇಳಿರದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಬೆನ್ನಿನ ತುದಿಯಲ್ಲಿ ಹುಣ್ಣಾಯಿತು. ಸಣ್ಣದಿತ್ತು. ದಿನಾ ಒಳ್ಳೆಯ ಡ್ರೆಸ್ಸಿಂಗ್ ಆಗಬೇಕು, ಗಾಳಿ ತುಂಬುವ ಏರ್ ಬೆಡ್ ಬೇಕು ಅಂದರು. ಕಾರ್ಡ್ ತೋರಿಸಿದೆ. "ಅಡ್ಮಿಟ್ ಆಗೋ ಕೇಸ್ ಅಲ್ರಿ ಇದು, ಕಾರ್ಡ್ ನಡೆಯಂಗಿಲ್ಲ" ಅಂದರು. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಕೊಟ್ಟಿರುವ ನಿಯಮ ಅದು. ಏರ್ ಬೆಡ್ಡಿಗೆ ಸಾಲ ಮಾಡಿದೆವು. ಅಷ್ಟರೊಳಗೆ ಹುಣ್ಣು ಆಳಕ್ಕೆ ಇಳಿದಿತ್ತು. ಎಲುಬು ಕಾಣುವಷ್ಟು ಆದ ಮೇಲೆ ದಾಖಲು ಮಾಡಿಕೊಂಡರು. ಸತ್ತ ಮಾಂಸ ಕತ್ತರಿಸಿ ತೆಗೆದು, ತೊಡೆಯಿಂದ ಚರ್ಮ ತಂದು ಮುಚ್ಚಿದರು. ಆಗ ಕಾರ್ಡ್ ನಡೆಯಿತು.

ಮಾನ್ಯರೇ, ಇಲ್ಲಿ ಉಳಿತಾಯ ಆಗಿದ್ದು ಎಲ್ಲಿ? ಹಾಸಿಗೆ, ಡ್ರೆಸ್ಸಿಂಗ್ ಕೊಡದೆ ಉಳಿಸಿದ ದುಡ್ಡಿಗಿಂತ ಎಷ್ಟೋ ಪಟ್ಟು ಸರ್ಕಾರವೇ ಆಪರೇಷನ್ನಿಗೆ ಕೊಟ್ಟಿತು. ನನ್ನ ತಮ್ಮ ತಿಂಗಳುಗಟ್ಟಲೆ ಬೋರಲು ಮಲಗಿದ. ಅಷ್ಟು ದಿನ ಅವ್ವನ ಕೂಲಿ ಹೋಯಿತು, ನನ್ನ ಹೊಲಿಗೆ ನಿಂತಿತು. ಬೀಗರ ಮನೆಯ ಮದುವೆ ಬಟ್ಟೆ ಹೊಲಿಯಲು ಕೊಟ್ಟವರು ವಾಪಸ್ ತಗೊಂಡು ಹೋದರು.

ನಮ್ಮ ಮನೆಯ ಕಥೆ ಅಷ್ಟೇ ಅಲ್ಲ ಇದು. ಆಸ್ಪತ್ರೆಯ ಕಾರಿಡಾರಿನಲ್ಲಿ ಹಾವೇರಿ ಜಿಲ್ಲೆಯ ಒಬ್ಬ ತಾಯಿ ಸಿಕ್ಕಿದ್ದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಮಗಳಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿಯುವುದು ತಪ್ಪಬೇಕಾದರೆ ವಾರಕ್ಕೆ ಎರಡು ಮೂರು ಸಲವಾದರೂ ಫಿಸಿಯೋಥೆರಪಿ ಬೇಕು, ಮಾತಿಗೆ ಸ್ಪೀಚ್ ಥೆರಪಿ ಬೇಕು. ಎರಡೂ ಹೊರರೋಗಿ ವಿಭಾಗದ ಚಿಕಿತ್ಸೆ, ಹಾಗಾಗಿ ಆಯುಷ್ಮಾನ್ ನಡೆಯುವುದಿಲ್ಲ. ಆ ಮಗುವಿಗೆ ಕೇಂದ್ರದ ನಿರಾಮಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಯೂ ಸೇರಿದೆ, ಔಷಧಿಯೂ ಸೇರಿದೆ. ಒಳ್ಳೆಯ ಯೋಜನೆ, ಮನಸ್ಸು ತುಂಬಿ ಹೇಳುತ್ತೇನೆ. ಆದರೆ ಮೊದಲು ಕೈಯಿಂದ ಕೊಟ್ಟು, ಆಮೇಲೆ ಬಿಲ್ಲು ಕಳಿಸಿ ವಾಪಸ್ ಪಡೆಯಬೇಕು. ದಿನಗೂಲಿ ತಾಯಿ ಮುಂಗಡ ಎಲ್ಲಿಂದ ತರಬೇಕು? ಕೂಲಿ ಬಿಟ್ಟು ಬರಬೇಕು, ಹೆಂಗಸರಿಗೆ ಬಸ್ ಫ್ರೀ ಇದ್ದರೂ ಊಟ ತಿಂಡಿಯ ಖರ್ಚು ಇದ್ದೇ ಇರುತ್ತದೆ. "ವಾರಕ್ಕೊಮ್ಮೆ ಬರೂದ ಕಷ್ಟ ಐತಿ ಯಕ್ಕಾ" ಅಂದರು. ಆ ಹುಡುಗಿಯ ಹಿಮ್ಮಡಿ ನೆಲಕ್ಕೆ ತಾಗದಷ್ಟು ಕಾಲು ಬಿಗಿದಿತ್ತು.

ನಿರಾಮಯ ನನ್ನ ತಮ್ಮನಿಗೆ ಸಿಗುವುದಿಲ್ಲ. ಅದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಕೆಳಗೆ ಬರುವ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. ಕೈಕಾಲು ಸ್ವಾಧೀನ ಇಲ್ಲದವರಿಗೆ, ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ ಅಂತ 2015ರಲ್ಲಿ ಸ್ವಾವಲಂಬನ್ ವಿಮೆ ಬಂತು. 2 ಲಕ್ಷದ ವಿಮೆ, ಫಲಾನುಭವಿ ಕಟ್ಟಬೇಕಿದ್ದದ್ದು ವರ್ಷಕ್ಕೆ 357 ರೂಪಾಯಿ. ಅದೂ ನಿಂತುಹೋಯಿತು. ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ. ಖಾಸಗಿ ಕಂಪನಿಗಳು ವಿಕಲಚೇತನರಿಗೂ ಪಾಲಿಸಿ ತರಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2023ರಲ್ಲಿ ಹೇಳಿದೆ ನಿಜ. ಆ ಪ್ರೀಮಿಯಂ ಕಟ್ಟುವ ಶಕ್ತಿ ಇದ್ದವರು ಈ ಪತ್ರ ಬರೆಯುವುದಿಲ್ಲ.

ಎಪಿಎಲ್ ಕಾರ್ಡಿನವರ ಪಾಡು ಇನ್ನೊಂದು ಥರ. ಆರೋಗ್ಯ ಕರ್ನಾಟಕದಲ್ಲಿ ಅವರಿಗೆ ಪ್ಯಾಕೇಜ್ ದರದ, ಅಂದರೆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ, ಶೇ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಮನೆಯಲ್ಲಿ ಒಬ್ಬರಿಗೆ ಸಣ್ಣ ನೌಕರಿ ಇದ್ದರೆ ಸಾಕು, ಬಿಪಿಎಲ್ ಸಾಲಿನಿಂದ ಹೊರಗೆ. ವಿಕಲಚೇತನರು ಇರುವ ಮನೆಯಲ್ಲಿ ಅದೇ ಸಂಬಳದಲ್ಲಿ ಎಷ್ಟು ಹೆಚ್ಚು ಖರ್ಚಾಗುತ್ತದೆ ಅಂತ ಕೇಳುವ ಅಂಕಣ ಯಾವ ಅರ್ಜಿಯಲ್ಲೂ ನಾನು ನೋಡಿಲ್ಲ. ಕೇಂದ್ರದ 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ವಿಕಲಚೇತನರಿರುವ ಕುಟುಂಬ ಅಂತ ಒಂದು ಮಾನದಂಡ ಇತ್ತು. ಆದರೆ ಆ ಮನೆಯಲ್ಲಿ ಗಟ್ಟಿಮುಟ್ಟಾದ ವಯಸ್ಕರು ಒಬ್ಬರೂ ಇರಬಾರದು ಎಂಬ ಷರತ್ತೂ ಅದರ ಜೊತೆಗಿತ್ತು. ಗಟ್ಟಿಮುಟ್ಟಾಗಿ ಇರುವವರೇ ಕೆಲಸ ಬಿಟ್ಟು ಆರೈಕೆಗೆ ಕೂರುತ್ತಾರೆ ಅಂತ ಯಾರೂ ಯೋಚಿಸಲಿಲ್ಲ. ಆದರೆ 2024ರಲ್ಲಿ 70 ದಾಟಿದ ಹಿರಿಯರಿಗೆ ಆದಾಯ ಕೇಳದೆ 5 ಲಕ್ಷದವರೆಗೆ ಆಯುಷ್ಮಾನ್ ಕೊಡಲು ಕೇಂದ್ರ ತೀರ್ಮಾನಿಸಿತು. ವಯಸ್ಸಿನ ಆಧಾರದ ಮೇಲೆ ಆದಾಯದ ಮಿತಿ ತೆಗೆಯಬಹುದಾದರೆ ಅಂಗವೈಕಲ್ಯದ ಆಧಾರದ ಮೇಲೂ ತೆಗೆಯಬಹುದು ಅಲ್ವಾ?

ಇದೆಲ್ಲ ದಯೆಯ ಮಾತಲ್ಲ, ಕಾನೂನೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 1995ರ ಕಾಯ್ದೆಯಲ್ಲಿ 7 ವಿಧದ ಅಂಗವೈಕಲ್ಯ ಇತ್ತು, ಇದರಲ್ಲಿ 21 ಆಯಿತು. ಥಲಸ್ಸೀಮಿಯಾ, ಹಿಮೊಫಿಲಿಯಾದಂಥ ರಕ್ತದ ಕಾಯಿಲೆ, ನರದ ಪಾರ್ಕಿನ್ಸನ್ ಕಾಯಿಲೆ ಇರುವವರೂ ಸೇರಿದರು. ಅವರಿಗೂ ಜೀವನಪರ್ಯಂತ ಚಿಕಿತ್ಸೆ ಬೇಕು. ಕಾಯ್ದೆಯ 25ನೇ ಸೆಕ್ಷನ್ ಮನೆಯ ಹತ್ತಿರದಲ್ಲೇ, ಅದರಲ್ಲೂ ಹಳ್ಳಿಗಳಲ್ಲಿ, ಉಚಿತ ಚಿಕಿತ್ಸೆ ಸಿಗಬೇಕು ಅನ್ನುತ್ತದೆ. ಆದಾಯದ ಮಿತಿಯನ್ನು ಸರ್ಕಾರ ಗೊತ್ತು ಮಾಡಬಹುದು. 24ನೇ ಸೆಕ್ಷನ್ ಸಹಾಯಕ ಸಾಧನ, ಔಷಧಿ, ತಪಾಸಣೆ, ಸರಿಪಡಿಸುವ ಶಸ್ತ್ರಚಿಕಿತ್ಸೆ ಉಚಿತವಾಗಿ ಕೊಡುವ ಯೋಜನೆ ಮಾಡಿ ಅನ್ನುತ್ತದೆ. ಬೇರೆಯವರಿಗೆ ಇರುವಂಥದೇ ಸಾಮಾಜಿಕ ಭದ್ರತಾ ಯೋಜನೆಯಲ್ಲಿ ವಿಕಲಚೇತನರಿಗೆ ಕನಿಷ್ಠ ಶೇ 25 ಜಾಸ್ತಿ ನೆರವು ಇರಬೇಕು ಎಂದೂ ಅದರಲ್ಲೇ ಇದೆ. ಇವುಗಳಲ್ಲಿ ಎಷ್ಟು ನಮ್ಮ ತಾಲ್ಲೂಕಿಗೆ ಬಂದು ಮುಟ್ಟಿದೆ ಅಂತ ತಾವೇ ಅಧಿಕಾರಿಗಳನ್ನು ಕೇಳಿ.

ಅದೇ ಸೆಕ್ಷನ್ನಿನಲ್ಲಿ "ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ" ಎಂಬ ಅರ್ಥದ ಮಾತೂ ಇದೆ. ಬಜೆಟ್ ಇಲ್ಲ ಅಂತ ಹೇಳಲು ಅದೊಂದು ಬಾಗಿಲು. ಆದರೆ ಕರ್ನಾಟಕ ಶಕ್ತಿ ಇಲ್ಲದ ರಾಜ್ಯ ಅಲ್ಲ. ಆಯುಷ್ಮಾನ್ ಯೋಜನೆಗೆ ಕೇಂದ್ರ 60, ರಾಜ್ಯ 40ರ ಲೆಕ್ಕದಲ್ಲಿ ದುಡ್ಡು ಕೊಡುತ್ತವೆ. ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಬಿಪಿಎಲ್ ಕುಟುಂಬಗಳನ್ನೂ ನಮ್ಮ ರಾಜ್ಯ ಸ್ವಂತ ಖರ್ಚಿನಲ್ಲಿ ಸೇರಿಸಿಕೊಂಡಿದೆ. ಅದು ದೊಡ್ಡ ಮನಸ್ಸಿನ ಕೆಲಸ. ಗ್ಯಾರಂಟಿ ಯೋಜನೆಗಳ ದುಡ್ಡು ನಮ್ಮ ಮನೆಗೂ ಬರುತ್ತಿದೆ, ಅದನ್ನು ನಿಲ್ಲಿಸಿ ಇದಕ್ಕೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಅವ್ವನ ಕೈಗೆ ಬಂದದ್ದು ಮಗನ ಪೈಪಿಗೆ ಹೋಗಬಾರದು, ಅಷ್ಟೇ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ವಿಕಲಚೇತನರು 13 ಲಕ್ಷ ಚಿಲ್ಲರೆ. ಅವರಲ್ಲಿ ದಿನನಿತ್ಯ ಇಂಥ ಸಾಮಾನು ಬೇಕಾದವರು ಇನ್ನೂ ಕಡಿಮೆ. ದೆಹಲಿ ಕಡೆ ಕೈ ತೋರಿಸಲೂ ಆಗುವುದಿಲ್ಲ. ಸಾರ್ವಜನಿಕ ಆರೋಗ್ಯ, ವಿಕಲಚೇತನರ ನೆರವು ಎರಡೂ ಸಂವಿಧಾನದ ರಾಜ್ಯ ಪಟ್ಟಿಯಲ್ಲೇ ಇವೆ.

ಪ್ರಯಾಣದ ಬಗ್ಗೆ ಚುಟುಕಾಗಿ. ವಿಕಲಚೇತನರ ರಿಯಾಯಿತಿ ಬಸ್ ಪಾಸು ಮನೆಯಿಂದ 100 ಕಿಲೋಮೀಟರ್ ಒಳಗೆ ನಡೆಯುತ್ತದೆ. ಹುಬ್ಬಳ್ಳಿ, ಧಾರವಾಡಕ್ಕೆ ಸಾಕು. ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಟ್ಟರೆ ಸಾಲದು. ಅದಕ್ಕಿಂತ ಮುಖ್ಯ, ಪಾಸು ಇದ್ದರೂ ಗಾಲಿಕುರ್ಚಿಯವನು ನಮ್ಮೂರಿನ ಕೆಂಪು ಬಸ್ಸು ಹತ್ತುವುದು ಹೇಗೆ? ಹುಬ್ಬಳ್ಳಿ–ಧಾರವಾಡದ ನಡುವಿನ ಚಿಗರಿ ಬಸ್ಸಿನಲ್ಲಿ ಪ್ಲಾಟ್‌ಫಾರ್ಮಿನಿಂದ ನೇರ ಒಳಗೆ ಹೋಗಬಹುದು. ಅಲ್ಲಿ ತನಕ ಬರುವುದಕ್ಕೇ ಗಾಡಿ ಬಾಡಿಗೆ ಹಿಡಿಯಬೇಕು. ಪ್ರತಿ ಸಲ ದೊಡ್ಡ ಆಸ್ಪತ್ರೆಗೆ ಬರೆದುಕೊಡುವ ರೆಫರಲ್ ಚೀಟಿಗಾಗಿ ಮೊದಲು ಒಂದು ಸರ್ಕಾರಿ ಆಸ್ಪತ್ರೆ, ಆಮೇಲೆ ಇನ್ನೊಂದು ಆಸ್ಪತ್ರೆ ಅಂದರೆ ಬಾಡಿಗೆ ಎರಡು ಪಟ್ಟು. ವಿಕಲಚೇತನರ ಗುರುತಿನ ಚೀಟಿ ಅಂತ ಯುಡಿಐಡಿ ಕಾರ್ಡು ಕೊಟ್ಟಿದ್ದೀರಿ. ಅದರಲ್ಲಿ ಅವನ ಅಂಗವೈಕಲ್ಯ ಏನು, ಎಷ್ಟು ಶೇಕಡಾ ಅಂತ ಸರ್ಕಾರಿ ವೈದ್ಯರೇ ಬರೆದಿದ್ದಾರೆ. ಅದನ್ನು ಆಯುಷ್ಮಾನ್‌ಗೆ ಜೋಡಿಸಿದರೆ ಅದೇ ತೊಂದರೆಗೆ ಮತ್ತೆ ಮತ್ತೆ ರೆಫರಲ್ ಯಾಕೆ ಬೇಕು?

ಈಗ ಬೇಡಿಕೆಗೆ ಬರುತ್ತೇನೆ.

ಎಲ್ಲಕ್ಕಿಂತ ಮೊದಲು, ಯುಡಿಐಡಿ ಇರುವ ಪ್ರತಿಯೊಬ್ಬರಿಗೂ ಹೊರರೋಗಿ ಚಿಕಿತ್ಸೆ, ಥೆರಪಿ, ದಿನನಿತ್ಯದ ಸಾಮಾನಿಗೆ ಅಂತ ಆರೋಗ್ಯ ಕರ್ನಾಟಕದೊಳಗೇ ಬೇರೆ ಮೊತ್ತ ಇಡಿ. ದುಡ್ಡು ಕೈಗೆ ಕೊಡಬೇಕಾಗಿಲ್ಲ, ಬಿಲ್ಲು ಹಿಡಿದು ಅಲೆಯುವ ಪದ್ಧತಿಯಂತೂ ಬೇಡವೇ ಬೇಡ. ಕ್ಯಾಥೆಟರ್, ಯೂರಿನ್ ಬ್ಯಾಗ್, ಡ್ರೆಸ್ಸಿಂಗ್ ಸಾಮಾನು, ಡೈಪರ್ ಇವು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಸಿಗಲಿ. ಕ್ಷಯದ ಗುಳಿಗೆ, ಬಿಪಿ ಗುಳಿಗೆ ಅಲ್ಲಿ ಸಿಗುತ್ತವೆ. ಅದೇ ಗಾಡಿಯಲ್ಲಿ ಇವೂ ಬರಲಿ. ಸರ್ಕಾರ ಒಟ್ಟಿಗೆ ಖರೀದಿ ಮಾಡಿದರೆ ನಾವು ಅಂಗಡಿಯಲ್ಲಿ ಕೊಡುವ ಬೆಲೆಗಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತದೆ. ಏರ್ ಬೆಡ್ ಮತ್ತು ಗಾಲಿಕುರ್ಚಿಯ ದಿಂಬನ್ನು ಡಿಸ್ಚಾರ್ಜ್ ಮಾಡುವಾಗಲೇ ಪ್ಯಾಕೇಜಿನಲ್ಲಿ ಸೇರಿಸಿ ಕೊಡಿ. ರಾಡ್ ಹಾಕಲು ದುಡ್ಡು ಕೊಟ್ಟ ಮೇಲೆ ಇದಕ್ಕೆ ಹಿಂದೆಗೆಯಬಾರದು. ವಿಕಲಚೇತನರಿರುವ ಮನೆಗೆ ಎಪಿಎಲ್, ಬಿಪಿಎಲ್ ಎನ್ನುವ ಭೇದ ತೆಗೆದು 5 ಲಕ್ಷದ ವಿಮೆ ಪೂರ್ತಿ ಕೊಡಿ.

ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಕಾಯಂ ಆಗಿ ಇರಬೇಕು. ಬ್ಯಾಡಗಿಯ ತಾಯಿ ಮಗಳನ್ನು ಎತ್ತಿಕೊಂಡು ಹುಬ್ಬಳ್ಳಿಗೆ ಬರುವಂತಾಗಬಾರದು. ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಹಾಸಿಗೆಯಲ್ಲೇ ಇರುವವರ ಮೈಮೇಲಿನ ಹುಣ್ಣು ನೋಡುವುದನ್ನೂ, ಕ್ಯಾಥೆಟರ್ ಬಳಸುವುದನ್ನು ಮನೆಯವರಿಗೆ ಕಲಿಸುವುದನ್ನೂ ಅದಕ್ಕೆ ಸೇರಿಸಿ. ಗ್ರಾಮ ಪಂಚಾಯಿತಿಗೊಬ್ಬರು ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಬಹಳಷ್ಟು ಜನ ತಾವೇ ವಿಕಲಚೇತನರು, ಕಷ್ಟ ಗೊತ್ತಿರುವವರು. ಈಗ ಅವರನ್ನು ಅರ್ಜಿ ತುಂಬಿಸಲು, ಸಭೆಗೆ ಜನ ಸೇರಿಸಲು ಬಳಸುತ್ತಿದ್ದೀರಿ. ಒಳ್ಳೆಯ ಗೌರವಧನ ಕೊಟ್ಟು, ತರಬೇತಿ ಕೊಟ್ಟು ಈ ಕೆಲಸಕ್ಕೆ ಹಚ್ಚಿ.

ಇನ್ನು ಪಂಚಾಯಿತಿಯ ಶೇ 5ರ ಅನುದಾನ. ವಿಕಲಚೇತನರಿಗೆ ಅಂತಲೇ ಮೀಸಲಿಟ್ಟ ದುಡ್ಡು ಅದು. ನಾನು ನೋಡಿದ ಮಟ್ಟಿಗೆ ಮಾರ್ಚ್ ಹತ್ತಿರ ಬಂದಾಗ ನೆನಪಾಗುತ್ತದೆ. ಕೊಡ, ಕುಕ್ಕರ್, ಪ್ಲಾಸ್ಟಿಕ್ ಕುರ್ಚಿ ತಂದು ಸಾಲಾಗಿ ನಿಲ್ಲಿಸಿ ಹಂಚಿ ಫೋಟೊ ತೆಗೆಯುತ್ತಾರೆ. ನನ್ನ ತಮ್ಮನಿಗೂ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಅದರಲ್ಲಿ ಅವನು ಕೂರಲು ಬರುವುದಿಲ್ಲ. ಯಾರಿಗೆ ಏನು ಬೇಕು ಅಂತ ಮನೆಗೆ ಹೋಗಿ ಕೇಳಿ, ಆರೋಗ್ಯದ ಸಾಮಾನಿಗೇ ಮೊದಲ ಆದ್ಯತೆ ಕೊಡಬೇಕು ಅಂತ ಒಂದು ಸುತ್ತೋಲೆ ಹೊರಡಿಸಿದರೂ ಸಾಕು, ಎಷ್ಟೋ ಮನೆಗಳಿಗೆ ನಾಳೆಯಿಂದಲೇ ಅನುಕೂಲ ಆಗುತ್ತದೆ. ಇದಕ್ಕೆ ಬಜೆಟ್ ಕೂಡ ಬೇಕಾಗಿಲ್ಲ.

ನನ್ನ ತಮ್ಮ ಈಗ ಮನೆಯಲ್ಲೇ ಮೊಬೈಲ್ ರಿಪೇರಿ ಕಲಿಯುತ್ತಿದ್ದಾನೆ. ಕೈ ಚುರುಕಿದೆ. ಎರಡು ತಾಸು ಕೂತು ಕೆಲಸ ಮಾಡುವ ಉಮೇದಿಯೂ ಇದೆ. ಒಳ್ಳೆಯ ದಿಂಬು ಇಲ್ಲದೆ ಅಷ್ಟು ಹೊತ್ತು ಕೂತರೆ ಮತ್ತೆ ಹುಣ್ಣಾಗುತ್ತದೆ ಅಂತ ನಾವೇ ಅವನನ್ನು ಎಬ್ಬಿಸಿ ಮಲಗಿಸುತ್ತೇವೆ. ದುಡಿಯಬಲ್ಲ ಹುಡುಗನನ್ನು ಹೀಗೆ ಮಲಗಿಸುವಾಗ ಆಗುವ ಸಂಕಟ ತಮಗೆ ತಿಳಿಯಲಿ ಅಂತ ಬರೆದೆ.

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಾಗ ಉತ್ತರ ಕರ್ನಾಟಕದ ಸಮಸ್ಯೆಗಳ ಚರ್ಚೆ ಆಗುತ್ತದೆ. ಮುಂದಿನ ಅಧಿವೇಶನದಲ್ಲಿ ಎರಡು ಪ್ರಶ್ನೆಗಳಿಗೆ ತಾವು ಸದನದಲ್ಲೇ ಉತ್ತರ ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ. ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಎಷ್ಟು ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟ್ ಇದ್ದಾರೆ? ವಿಕಲಚೇತನರ ಹೊರರೋಗಿ ಚಿಕಿತ್ಸೆಗೆ ಮುಂದಿನ ಬಜೆಟ್‌ನಲ್ಲಿ ಎಷ್ಟು ಇಡುತ್ತೀರಿ? ನಮ್ಮ ಮೂರು ಜಿಲ್ಲೆಗಳ ಶಾಸಕರಿಗೂ ಈ ಪತ್ರದ ಪ್ರತಿ ಕಳಿಸಿದ್ದೇನೆ. ಅವರು ಈ ಪ್ರಶ್ನೆಗಳನ್ನು ಕೇಳಲಿ.

ಇಂತಿ ತಮ್ಮ ವಿಶ್ವಾಸಿ,
ವಿಕಲಚೇತನ ಯುವಕನೊಬ್ಬನ ಅಕ್ಕ,
ಲಕ್ಷ್ಮೇಶ್ವರ ತಾಲ್ಲೂಕು, ಗದಗ ಜಿಲ್ಲೆ